ನಡುಮನೆಯ ಗೋಡೆಗೆ ದೊಡ್ಡ ಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಅಡಿ, ಎರಡೂವರೆ ಅಡಿ, ಮೂರು ಅಡಿ ಅಗಲದ ಗೋಡೆ ಗಡಿಯಾರಗಳು ಈಗ ಸಣ್ಣ ಊರಿನ ಅಂಗಡಿಗಳಲ್ಲೂ ಸಿಗುತ್ತವೆ. ಕೊಳ್ಳುವುದು ಸುಲಭ. ಮನೆಗೆ ತಂದ ಮೇಲೆ ಎಲ್ಲಿ ಹಾಕಬೇಕು, ಎಷ್ಟು ಎತ್ತರಕ್ಕೆ, ಯಾವ ಮೊಳೆಗೆ ಎನ್ನುವಲ್ಲಿ ತಲೆಬಿಸಿ ಶುರುವಾಗುತ್ತದೆ. ಮನೆಯ ಒಳಾಂಗಣದ ಬಗ್ಗೆ ಮಾತು ಬಂದಾಗಲೆಲ್ಲ ನನ್ನನ್ನು ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ: ದೊಡ್ಡ ಗಡಿಯಾರಕ್ಕೆ ಕಳೆ ಬರುವುದು ಅದರ ಸುತ್ತ ನೀವು ಬಿಡುವ ಖಾಲಿ ಗೋಡೆಯಿಂದ. ಆ ಜಾಗ ಬಿಡಲು ಮನಸ್ಸಿಲ್ಲದಿದ್ದರೆ ಸಣ್ಣ ಗಡಿಯಾರವೇ ಒಳ್ಳೆಯದು.

ನಮ್ಮ ಹಾಲ್‌ಗೆ ಎಷ್ಟು ಇಂಚಿನ ಗಡಿಯಾರ ಸರಿಹೋಗುತ್ತದೆ?

ಹಾಲ್ ಎಷ್ಟು ದೊಡ್ಡದು ಎಂದು ನೋಡಬೇಡಿ, ಗಡಿಯಾರ ಬರುವ ಗೋಡೆಯಲ್ಲಿ ಖಾಲಿ ಜಾಗ ಎಷ್ಟಿದೆ ಎಂದು ನೋಡಿ. ಇಪ್ಪತ್ತು ಅಡಿ ಉದ್ದದ ಹಾಲ್ ಆಗಿದ್ದರೂ ಕಿಟಕಿ, ಬಾಗಿಲು, ಶೋಕೇಸ್ ಎಲ್ಲ ಕಳೆದ ಮೇಲೆ ಉಳಿಯುವುದು ನಾಲ್ಕಡಿ ಗೋಡೆ ಮಾತ್ರ ಇರಬಹುದು. ಗಡಿಯಾರದ ಎರಡೂ ಬದಿಗೆ ಕನಿಷ್ಠ ಒಂದೊಂದು ಅಡಿ ಗೋಡೆ ಕಾಣಬೇಕು. ಹಾಗಾಗಿ ನಾಲ್ಕಡಿ ಗೋಡೆಗೆ 24 ಇಂಚು ಮಿತಿ. ಆರಡಿ, ಏಳಡಿ ಖಾಲಿ ಗೋಡೆ ಇದ್ದರೆ 30ರಿಂದ 36 ಇಂಚು ಧಾರಾಳವಾಗಿ ನಿಲ್ಲುತ್ತದೆ.

ಸೋಫಾದ ಮೇಲೆ ಹಾಕುವುದಾದರೆ ಸೋಫಾದ ಅಗಲದ ಅರ್ಧದ ಆಸುಪಾಸು ಇರಲಿ. ಮೂರು ಜನ ಕೂರುವ ಸೋಫಾ ಸಾಮಾನ್ಯವಾಗಿ ಆರರಿಂದ ಏಳಡಿ ಇರುತ್ತದೆ, ಅದಕ್ಕೆ ಮೂರಡಿಯ ಗಡಿಯಾರ ಹೊಂದುತ್ತದೆ. ಅದೇ ಸೋಫಾದ ಮೇಲೆ ಒಂದಡಿಯ ಗಡಿಯಾರ ಹಾಕಿದರೆ ಅಲ್ಲೊಂದು ಗಡಿಯಾರ ಇದೆ ಎನ್ನುವುದೇ ಗೊತ್ತಾಗುವುದಿಲ್ಲ.

ಒಂದು ಲೆಕ್ಕ ನೆನಪಿಡಿ. 24 ಇಂಚಿನಿಂದ 36 ಇಂಚಿಗೆ ಹೋದರೆ ವ್ಯಾಸ ಒಂದೂವರೆ ಪಟ್ಟು ಹೆಚ್ಚುತ್ತದೆ, ಗೋಡೆಯ ಮೇಲೆ ಅದು ತುಂಬುವ ಜಾಗ ಮಾತ್ರ ಎರಡೂಕಾಲು ಪಟ್ಟಾಗುತ್ತದೆ. ಅಂಗಡಿಯಲ್ಲಿ ಎತ್ತರದ ಗೋಡೆಯ ಮೇಲೆ ಹತ್ತಾರು ಗಡಿಯಾರಗಳ ನಡುವೆ ನೋಡಿದಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಕೊಳ್ಳುವ ಮೊದಲೇ ಮನೆಯಲ್ಲಿ ಹೇಗೆ ಕಾಣುತ್ತದೆ ಎಂದು ತಿಳಿಯಲು ದಾರಿ ಇದೆಯೇ?

ಇದೆ, ಅದಕ್ಕೆ ಹಳೆಯ ದಿನಪತ್ರಿಕೆ ಸಾಕು. ನಾಲ್ಕು ಹಾಳೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ. ಮಧ್ಯದಲ್ಲಿ ಒಬ್ಬರು ದಾರದ ಒಂದು ತುದಿ ಒತ್ತಿ ಹಿಡಿಯಲಿ, ಇನ್ನೊಂದು ತುದಿಗೆ ಪೆನ್ಸಿಲ್ ಕಟ್ಟಿ ಸುತ್ತು ಬರೆಯಿರಿ. ಮೂರಡಿ ಗಡಿಯಾರಕ್ಕೆ ದಾರ 18 ಇಂಚು ಇರಬೇಕು. ಕತ್ತರಿಸಿ, ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಹಚ್ಚಿ ಒಂದೆರಡು ದಿನ ಹಾಗೇ ಬಿಡಿ. ಬೆಳಗಿನ ಬೆಳಕಿನಲ್ಲಿ ನೋಡಿ, ರಾತ್ರಿ ಲೈಟ್ ಹಾಕಿ ನೋಡಿ, ಬಾಗಿಲಿನಿಂದ ಒಳಗೆ ಬರುತ್ತ ನೋಡಿ, ಊಟದ ಮೇಜಿನ ಬಳಿ ಕೂತು ನೋಡಿ. ಮನೆಮಂದಿಯ ಅಭಿಪ್ರಾಯವೂ ಆಗಲೇ ಹೊರಗೆ ಬರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಮೇಲೆ ಕೇಳುವುದಕ್ಕಿಂತ ಈಗ ಕೇಳುವುದು ಮೇಲು.

ಆನ್‌ಲೈನ್‌ನಲ್ಲಿ ತರಿಸಿದ 30 ಇಂಚಿನ ಗಡಿಯಾರದ ಡಯಲ್ ಅಂಗೈ ಅಗಲ ಮಾತ್ರ ಇತ್ತು. ಹೀಗೇಕೆ?

ಅವರು ಕೊಡುವ ಅಳತೆ ಹೊರಚೌಕಟ್ಟಿನದು. ನವಿಲು, ಎಲೆ, ಸೂರ್ಯಕಿರಣದ ವಿನ್ಯಾಸ ಇರುವ ಕಬ್ಬಿಣದ ಗಡಿಯಾರಗಳಲ್ಲಿ ನಡುವಿನ ಡಯಲ್ ಹತ್ತು ಇಂಚು ಇದ್ದರೆ ಹೆಚ್ಚು. ದೂರದಿಂದ ಹೊತ್ತು ತಿಳಿಯಬೇಕಾದರೆ ಡಯಲ್‌ನ ಅಳತೆಯನ್ನೂ ಮುಳ್ಳುಗಳ ಉದ್ದವನ್ನೂ ಬೇರೆಯಾಗಿ ಕೇಳಿ. ನನ್ನ ಮಟ್ಟಿಗೆ, ಡಯಲ್ ದೊಡ್ಡದಿದ್ದು ಚೌಕಟ್ಟು ಸರಳವಾಗಿರುವುದೇ ಹತ್ತಾರು ವರ್ಷ ಬೇಸರ ತರಿಸದ ಗಡಿಯಾರ. ನವಿಲಿನ ಗರಿಯ ಸಂದಿನಲ್ಲಿ ಕೂತ ದೂಳು ಒರೆಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಎಷ್ಟು ಎತ್ತರಕ್ಕೆ ಹಾಕಬೇಕು?

ನಮ್ಮ ಕಡೆ ಮನೆಗಳಲ್ಲಿ ಗಡಿಯಾರವನ್ನು ಬಾಗಿಲಿನ ಲಿಂಟಲ್‌ಗಿಂತ ಮೇಲೆ, ಹೆಚ್ಚುಕಡಿಮೆ ಸೂರಿಗೆ ತಾಗುವಂತೆ ಹಾಕುವುದು ವಾಡಿಕೆ. ಒಂದಡಿಯ ಗಡಿಯಾರಕ್ಕೆ ಅದು ನಡೆಯುತ್ತದೆ. ದೊಡ್ಡದನ್ನು ಅಷ್ಟು ಮೇಲೆ ಹಾಕಿದರೆ ಮನೆಗೆ ರೈಲ್ವೆ ನಿಲ್ದಾಣದ ಕಳೆ ಬರುತ್ತದೆ, ಕೆಳಗಿನ ಗೋಡೆ ಬೋಳಾಗಿ ಕಾಣುತ್ತದೆ.

ಗಡಿಯಾರದ ನಡುಬಿಂದು ನೆಲದಿಂದ ಸುಮಾರು 60 ಇಂಚು, ಅಂದರೆ ಐದಡಿ ಎತ್ತರದಲ್ಲಿ ಬರಲಿ. ನಿಂತವರ ಕಣ್ಣಿಗೆ ಅದು ಹೆಚ್ಚುಕಡಿಮೆ ನೇರ. ಸೋಫಾದ ಮೇಲಾದರೆ ಅದರ ಬೆನ್ನಿನಿಂದ ಎಂಟು ಹತ್ತು ಇಂಚು ಮೇಲೆ ಗಡಿಯಾರದ ತಳ ಬರಲಿ. ಸೋಫಾದ ಬೆನ್ನು 34 ಇಂಚು, ಅಂತರ 10 ಇಂಚು, ಗಡಿಯಾರ 36 ಇಂಚು ಎಂದುಕೊಂಡರೆ ನಡುಬಿಂದು 62ಕ್ಕೆ ಬರುತ್ತದೆ, ಸರಿಯಾಗಿದೆ. ಒರಗಿ ಕೂತವರ ತಲೆಗೆ ತಾಗದಷ್ಟು ಜಾಗವೂ ಉಳಿಯುತ್ತದೆ.

ಮನೆಯಲ್ಲಿ ಸೋಫಾದ ಮೇಲೆ ಹಾರಿ ಕುಣಿಯುವ ಮಕ್ಕಳಿದ್ದರೆ ಮಾತ್ರ ಈ ಲೆಕ್ಕ ಬಿಡಿ. ಸೋಫಾ ಇಲ್ಲದ ಗೋಡೆ ಹುಡುಕಿ, ಗಾಜಿಲ್ಲದ ಗಡಿಯಾರ ಆರಿಸಿ.

ಟಿ.ವಿ. ಮೇಲಿನ ಗೋಡೆ ಖಾಲಿ ಇದೆ. ಅಲ್ಲಿ ಹಾಕೋಣವೇ?

ಬೇಡ. ಟಿ.ವಿ. ನೋಡುವಾಗ ಕಣ್ಣು ಪದೇ ಪದೇ ಮೇಲಕ್ಕೆ ಹೋಗುತ್ತದೆ, ಎರಡು ದೊಡ್ಡ ವಸ್ತುಗಳು ಒಂದರ ಮೇಲೊಂದು ಕೂತು ಗೋಡೆ ಭಾರವೆನಿಸುತ್ತದೆ. ಟಿ.ವಿ.ಗೆ ಅಡ್ಡವಾಗಿರುವ ಪಕ್ಕದ ಗೋಡೆ ಒಳ್ಳೆಯದು.

ವಾಸ್ತು ಪ್ರಕಾರ ಯಾವ ಗೋಡೆ?

ದಕ್ಷಿಣ ಯಮನ ದಿಕ್ಕು, ಅಲ್ಲಿ ಗಡಿಯಾರ ಬೇಡ, ಪೂರ್ವ ಅಥವಾ ಉತ್ತರದ ಗೋಡೆ ಒಳ್ಳೆಯದು ಎನ್ನುವ ನಂಬಿಕೆ ಬಹಳ ಮನೆಗಳಲ್ಲಿದೆ. ಮನೆಯಲ್ಲಿ ಹಿರಿಯರಿದ್ದು ಅವರಿಗೆ ಇದು ಮುಖ್ಯವೆನಿಸಿದರೆ ಪೂರ್ವ, ಉತ್ತರಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ದಿನವೂ ನೋಡುವ ವಸ್ತು ಯಾರ ಮನಸ್ಸಿಗೂ ಕಸಿವಿಸಿ ತರಬಾರದು. ನಂಬಿಕೆ ಇಲ್ಲದವರು ಬೆಳಕು ನೋಡಿ ನಿರ್ಧರಿಸಲಿ. ದೊಡ್ಡ ಕಿಟಕಿಗೆ ಎದುರಾಗಿ ಗಾಜಿನ ಗಡಿಯಾರ ಹಾಕಿದರೆ ಹಗಲೆಲ್ಲ ಅದರಲ್ಲಿ ಕಾಣುವುದು ಕಿಟಕಿಯೇ. ಪಶ್ಚಿಮದ ಬಿಸಿಲು ನೇರ ಬೀಳುವ ಕಡೆ ಡಯಲ್‌ನ ಬಣ್ಣ ಕೆಲವೇ ವರ್ಷಗಳಲ್ಲಿ ಮಾಸುತ್ತದೆ.

ತೀರಿಕೊಂಡ ಹಿರಿಯರ ಫೋಟೊಗೆ ಹಾರ ಹಾಕಿ ಇಟ್ಟಿರುವ ಗೋಡೆಯನ್ನೂ ದೇವರ ಪಟಗಳಿರುವ ಗೋಡೆಯನ್ನೂ ಗಡಿಯಾರಕ್ಕೆ ಬಳಸಬೇಡಿ. ಇದು ವಾಸ್ತುವಿನ ಮಾತಲ್ಲ. ಆ ಗೋಡೆಯ ಮುಂದೆ ನಿಂತಾಗ ಕಣ್ಣು ಅವರ ಮುಖದ ಮೇಲೆ ನಿಲ್ಲಬೇಕು, ಮೂರಡಿಯ ಡಯಲ್ ಪಕ್ಕದಲ್ಲಿದ್ದರೆ ನಿಲ್ಲುವುದಿಲ್ಲ.

ಗೋಡೆಗೆ ಹೇಗೆ ಕಟ್ಟಬೇಕು? ಸಾಮಾನ್ಯ ಮೊಳೆ ಸಾಲದೇ?

ಸಾಲದು. ಕಬ್ಬಿಣದ ಅಥವಾ ಮರದ ದೊಡ್ಡ ಗಡಿಯಾರಗಳು ಹಲವು ಕಿಲೊ ತೂಗುತ್ತವೆ. ಬರೀ ಗಾರೆಯಲ್ಲಿ ಕೂತ ಮೊಳೆ ಇವತ್ತು ತಡೆದರೂ ಒಂದು ಮಳೆಗಾಲ ಕಳೆದ ಮೇಲೆ ಸಡಿಲವಾಗುತ್ತದೆ. ಡ್ರಿಲ್ ಮಾಡಿ, ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಕ್ರೂ ಹಾಕಬೇಕು. ಪ್ಲಗ್ ಗಾರೆಯನ್ನು ದಾಟಿ ಇಟ್ಟಿಗೆಯ ಒಳಗೆ ಹೋಗಿರಬೇಕು, ಅಂದರೆ ತೂತು ಎರಡು ಇಂಚಿನಷ್ಟು ಆಳ ಬೇಕು. ಮೂರಡಿಯ ಗಡಿಯಾರಕ್ಕೆ ಒಂದರ ಬದಲು ಎರಡು ಸ್ಕ್ರೂ ಕೊಟ್ಟರೆ ದೂಳು ಒರೆಸುವಾಗ ವಾಲುವುದಿಲ್ಲ.

ಗೋಡೆ ಯಾವುದರದ್ದು ಎಂಬುದರ ಮೇಲೆ ಕೆಲಸ ಬದಲಾಗುತ್ತದೆ. ಸುಟ್ಟ ಇಟ್ಟಿಗೆ, ಸಿಮೆಂಟ್ ಬ್ಲಾಕ್‌ನಲ್ಲಿ ಕಷ್ಟವಿಲ್ಲ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಗೋಡೆಯನ್ನೇ ಅಚ್ಚು ಕಟ್ಟಿ ಕಾಂಕ್ರೀಟ್ ಸುರಿದು ಮಾಡಿರುತ್ತಾರೆ. ಅದಕ್ಕೆ ಹ್ಯಾಮರ್ ಡ್ರಿಲ್ ಇಲ್ಲದೆ ಕೈಹಾಕಬೇಡಿ, ಒಳಗಿನ ಸರಳು ಸಿಕ್ಕರೆ ಒಂದಿಂಚು ಪಕ್ಕಕ್ಕೆ ಸರಿಯಿರಿ. ಒಳಗೆ ಗಾಳಿಗುಳ್ಳೆ ತುಂಬಿದ ಹಗುರವಾದ ಎಎಸಿ ಬ್ಲಾಕ್‌ನ ಗೋಡೆಯಾದರೆ ತದ್ವಿರುದ್ಧ: ಹ್ಯಾಮರ್ ಬಳಸಿದರೆ ತೂತು ಅಗಲವಾಗಿ ಪ್ಲಗ್ ತಿರುಗುತ್ತದೆ. ಅದಕ್ಕೆಂದೇ ಬೇರೆ ಪ್ಲಗ್ ಬರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಗೆಂದು ಹೇಳಿ ಕೇಳಿ. ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲಿ ಕಲ್ಲಿನ ರಂಧ್ರಕ್ಕೆ ಡ್ರಿಲ್ ಹೊಕ್ಕರೆ ಪ್ಲಗ್‌ಗೆ ಹಿಡಿತ ಸಿಗುವುದಿಲ್ಲ, ತುಸು ಸರಿದು ಗಟ್ಟಿ ಜಾಗ ನೋಡಬೇಕು. ಮಣ್ಣಿನ ಗೋಡೆಯ ಹಳೆಯ ಮನೆಗಳಲ್ಲಿ ಗೋಡೆಯನ್ನು ನಂಬಬೇಡಿ. ಮೇಲಿನ ಮರದ ತೊಲೆಯಿಂದ ಗಟ್ಟಿ ತಂತಿ ಇಳಿಬಿಟ್ಟು ತೂಗುಹಾಕಿ.

ಇನ್ನೊಂದು ಎಚ್ಚರಿಕೆ: ಸ್ವಿಚ್ ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಡ್ರಿಲ್ ಮಾಡಬೇಡಿ. ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹಾದುಹೋಗಿರುತ್ತದೆ. ಆಚೆ ಬದಿ ಬಚ್ಚಲುಮನೆ ಇದ್ದರೆ ನೀರಿನ ಪೈಪು ಎಲ್ಲಿದೆ ಎಂದು ವಿಚಾರಿಸಿಕೊಳ್ಳಿ.

ಬಾಡಿಗೆ ಮನೆ. ಮಾಲೀಕರು ಮೊಳೆ ಹೊಡೆಯಬೇಡಿ ಎಂದಿದ್ದಾರೆ.

ಎರಡೂ ಬದಿ ಅಂಟುವ ಟೇಪಿಗೆ ಭಾರದ ಗಡಿಯಾರ ಕೊಡಬೇಡಿ, ಪೇಂಟಿನ ಸಮೇತ ಕಿತ್ತು ಬರುತ್ತದೆ. ಶೋಕೇಸ್ ಅಥವಾ ಉದ್ದನೆಯ ಮೇಜಿನ ಮೇಲೆ ಗೋಡೆಗೆ ಒರಗಿಸಿ ಇಡಿ. ಜಾರದಂತೆ ತಳಕ್ಕೆ ರಬ್ಬರ್ ಪಟ್ಟಿ ಇರಲಿ. ಒರಗಿಸಿದ ದೊಡ್ಡ ಗಡಿಯಾರಕ್ಕೆ ತನ್ನದೇ ಆದ ಚೆಂದವಿದೆ, ಪಕ್ಕದಲ್ಲಿ ಒಂದು ಹಿತ್ತಾಳೆ ಚೊಂಬು ಇಟ್ಟರೆ ಮತ್ತೇನೂ ಬೇಡ.

ಯಾವ ವಸ್ತುವಿನದು ಬಾಳಿಕೆ ಬರುತ್ತದೆ?

ಊರಿನ ಹವೆ ನೋಡಿ ಆರಿಸಿ. ಮಲೆನಾಡು, ಕರಾವಳಿಯಲ್ಲಿ ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ) ಹಲಗೆಯದು ಬೇಡವೇ ಬೇಡ. ಮಳೆಗಾಲದ ತೇವ ಕುಡಿದು ಅಂಚು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಕಬ್ಬಿಣದ್ದಾದರೆ ಪೌಡರ್ ಕೋಟಿಂಗ್ ಇರಬೇಕು, ವೆಲ್ಡಿಂಗ್ ಮಾಡಿದ ಸಂದುಗಳಲ್ಲಿ ಬಣ್ಣ ಬಿಟ್ಟುಹೋಗಿಲ್ಲವೇ ಎಂದು ಬೆರಳಾಡಿಸಿ ನೋಡಿ, ತುಕ್ಕು ಶುರುವಾಗುವುದೇ ಅಲ್ಲಿ. ತೇಗಕ್ಕೆ ಸರಿಸಾಟಿ ಇಲ್ಲ, ಬೆಲೆಯೂ ಹಾಗೇ ಇದೆ. ಬಯಲುಸೀಮೆಯ ಒಣಹವೆಯಲ್ಲಿ ಎಂಡಿಎಫ್ ಕೂಡ ಬಹಳ ವರ್ಷ ಬರುತ್ತದೆ.

ಬಣ್ಣದ ವಿಷಯ ಚಿಕ್ಕದು. ಬಿಳಿ ಅಥವಾ ಕೆನೆ ಬಣ್ಣದ ಗೋಡೆಗೆ ಕಪ್ಪು ಕಬ್ಬಿಣ, ಕಡುಹಸಿರು ಅಥವಾ ಕಡುನೀಲಿ ಗೋಡೆಗೆ ಹಿತ್ತಾಳೆ ಬಣ್ಣ, ರೆಡ್ ಆಕ್ಸೈಡ್ ನೆಲ ಮತ್ತು ಮರದ ಕಂಬಗಳಿರುವ ಮನೆಗೆ ಮರದ್ದೇ.

ದೊಡ್ಡ ಗಡಿಯಾರ ಸಮಯ ತಪ್ಪುವುದು ಜಾಸ್ತಿ ಎನ್ನುತ್ತಾರೆ. ನಿಜವೇ?

ಗಡಿಯಾರ ದೊಡ್ಡದಾಯಿತು ಎಂದು ಒಳಗಿನ ಲೆಕ್ಕ ತಪ್ಪುವುದಿಲ್ಲ. ಕ್ವಾರ್ಟ್ಜ್ ಗಡಿಯಾರದಲ್ಲಿ ಸಣ್ಣದೊಂದು ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತ ಬಂದರೆ ಸೆಕೆಂಡಿಗೆ ಒಂದು ಮಿಡಿತ ಸಿಗುತ್ತದೆ, ಆ ಮಿಡಿತ ಪುಟ್ಟ ಮೋಟಾರನ್ನು ಒಂದು ಹೆಜ್ಜೆ ತಿರುಗಿಸುತ್ತದೆ. ಎಂಟು ಇಂಚಿನ ಗಡಿಯಾರಕ್ಕೂ ಮೂರಡಿಯದಕ್ಕೂ ಈ ಏರ್ಪಾಡು ಒಂದೇ.

ತೊಂದರೆ ಬರುವುದು ಮುಳ್ಳಿನ ಭಾರದಿಂದ. ಉದ್ದದ ಮುಳ್ಳನ್ನು ಆರರಿಂದ ಹನ್ನೆರಡರ ಕಡೆಗೆ ಮೇಲೆತ್ತಲು ಮೋಟಾರಿಗೆ ಹೆಚ್ಚು ಬಲ ಬೇಕು, ಮುಳ್ಳು ಒಂಬತ್ತರ ಬಳಿ ಅಡ್ಡವಾಗಿ ನಿಂತಾಗ ಅತಿ ಹೆಚ್ಚು. ಸೆಲ್ ಸೋತ ಗಡಿಯಾರದ ಸೆಕೆಂಡ್ ಮುಳ್ಳು ಒಂಬತ್ತರ ಆಸುಪಾಸಿನಲ್ಲೇ ಮುಂದೆ ಹೋಗಲಾರದೆ ನಿಂತಲ್ಲೇ ಮಿಡುಕುವುದನ್ನು ನೀವು ನೋಡಿರುತ್ತೀರಿ, ಕಾರಣ ಇದೇ. ಹಾಗಾಗಿ ನಿಮಿಷದ ಮುಳ್ಳು ಆರೇಳು ಇಂಚು ದಾಟಿದ ಗಡಿಯಾರಕ್ಕೆ ಹೆಚ್ಚು ಬಲದ ಮೆಷಿನ್ ಹಾಕಿರಬೇಕು. ಅಂಗಡಿಯಲ್ಲಿ 'ಹೈ ಟಾರ್ಕ್ ಮೆಷಿನ್ ಇದೆಯಾ' ಎಂದು ಕೇಳಿ. ಮುಳ್ಳುಗಳು ಹಗುರವಾದ ಅಲ್ಯೂಮಿನಿಯಂನದ್ದಾಗಿರಲಿ, ನಡುವಿನಿಂದ ಹಿಂದಕ್ಕೆ ಚಾಚಿದ ಬಾಲ ಇದ್ದರೆ ಇನ್ನೂ ಒಳ್ಳೆಯದು, ಅದು ಎದುರುಭಾರವಾಗಿ ಕೆಲಸ ಮಾಡುತ್ತದೆ. ಸೆಕೆಂಡ್ ಮುಳ್ಳು ಇಲ್ಲದಿದ್ದರೆ ಕೊರತೆಯೇನಲ್ಲ.

ಯಾವ ಸೆಲ್ ಹಾಕಬೇಕು?

ಆಲ್ಕಲೈನ್. ಅಗ್ಗದ ಮಾಮೂಲಿ ಸೆಲ್ ಬಲವೂ ಕಡಿಮೆ, ಮರೆತುಬಿಟ್ಟರೆ ಸೋರಿ ಒಳಗಿನ ಸ್ಪ್ರಿಂಗ್ ತಿನ್ನುತ್ತದೆ. ಚಾರ್ಜ್ ಮಾಡಿ ಬಳಸುವ ಸಾಮಾನ್ಯ ಸೆಲ್‌ಗಳು 1.5ರ ಬದಲು 1.2 ವೋಲ್ಟ್ ಮಾತ್ರ ಕೊಡುತ್ತವೆ, ಭಾರದ ಮುಳ್ಳಿಗೆ ಅದು ಸಾಲದೆ ಹೋಗಬಹುದು. ಗಡಿಯಾರ ನಿಲ್ಲುವವರೆಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ಆಯುಧಪೂಜೆಯ ಹಿಂದಿನ ದಿನ ಮನೆಯ ವಸ್ತುಗಳನ್ನೆಲ್ಲ ಇಳಿಸಿ ಒರೆಸುವ ರೂಢಿ ಇರುವವರಿಗೆ ಅದಕ್ಕಿಂತ ಒಳ್ಳೆಯ ದಿನವಿಲ್ಲ. ಮೂರಡಿಯ ಗಡಿಯಾರವನ್ನು ಇಳಿಸಲು ಇಬ್ಬರು ಬೇಕು, ಹಬ್ಬದ ದಿನ ಮನೆಯಲ್ಲಿ ಜನ ಇರುತ್ತಾರೆ.

ಟಿಕ್ ಟಿಕ್ ಸದ್ದು ರಾತ್ರಿ ಕಿರಿಕಿರಿ ಮಾಡುತ್ತದೆಯೇ?

ವಿಟ್ರಿಫೈಡ್ ಟೈಲ್ಸ್ ನೆಲ, ಕಡಿಮೆ ಸಾಮಾನು, ಪರದೆ ಇಲ್ಲದ ಕಿಟಕಿ ಇದ್ದರೆ ಖಂಡಿತ ಕೇಳಿಸುತ್ತದೆ. ಹಿಂಬದಿ ಟೊಳ್ಳಾಗಿರುವ ಮರದ ಹಲಗೆ ಆ ಸದ್ದನ್ನು ಹೆಚ್ಚಿಸುತ್ತದೆ. ಮುಳ್ಳು ತಡೆಯಿಲ್ಲದೆ ಜಾರುತ್ತ ಹೋಗುವ ಸ್ವೀಪ್ ಮೆಷಿನ್ ಕೇಳಿ ತೆಗೆದುಕೊಳ್ಳಿ. ಸೆಲ್ ತುಸು ಬೇಗ ಮುಗಿಯುತ್ತದೆ ಅಷ್ಟೆ.

ರೋಮನ್ ಅಂಕಿಯ ಗಡಿಯಾರದಲ್ಲಿ ನಾಲ್ಕರ ಜಾಗದಲ್ಲಿ ನಾಲ್ಕು ಗೆರೆ ಇದೆ. ಅಚ್ಚಿನ ತಪ್ಪೇ?

ತಪ್ಪಲ್ಲ, ಮರಳಿಸಬೇಡಿ. ಗಡಿಯಾರದ ಡಯಲ್‌ಗಳಲ್ಲಿ ನಾಲ್ಕನ್ನು ಹಾಗೆ (IV ಬದಲು IIII) ಬರೆಯುವುದು ಶತಮಾನಗಳ ರೂಢಿ. ಎದುರಿಗಿರುವ ಎಂಟು ಅಗಲವಾಗಿ ಕಾಣುವುದರಿಂದ ಈ ಕಡೆಯೂ ಅಷ್ಟೇ ಭಾರ ಇರಲಿ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ.

ಕನ್ನಡ ಅಂಕಿಗಳ ದೊಡ್ಡ ಗಡಿಯಾರ ಹಾಕಿದರೆ ಓದಲು ಕಷ್ಟವಾಗುತ್ತದೆಯೇ?

ಆಗುವುದಿಲ್ಲ. ನಾವು ಹೊತ್ತು ನೋಡುವುದು ಮುಳ್ಳು ನಿಂತ ಜಾಗದಿಂದ, ಅಂಕಿಯನ್ನು ಓದುವುದು ಅಪರೂಪ. ಅಂಕಿಯೇ ಇಲ್ಲದ, ಬರೀ ಹನ್ನೆರಡು ಗೆರೆಗಳ ಗಡಿಯಾರವನ್ನೂ ಮಕ್ಕಳು ಓದುತ್ತಾರಲ್ಲ. ಮೈಸೂರಿನ ದೊಡ್ಡ ಗಡಿಯಾರದ ಕೆಳಗೆ ನಿಂತು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ ಆ ಗೋಪುರದ ಡಯಲ್‌ನಲ್ಲಿ ಇರುವುದು ಕನ್ನಡ ಅಂಕಿಗಳೇ. ದೊಡ್ಡ ಡಯಲ್‌ನಲ್ಲಿ ೩, ೫, ೮ರ ತಿರುವುಗಳು ಎಷ್ಟು ಚೆಂದ ಕಾಣುತ್ತವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಮನೆಗೆ ಆರಿಸುವಾಗ ಅಕ್ಷರದ ದಪ್ಪ ನೋಡಿ. ತೆಳುಗೆರೆಯಲ್ಲಿ ಬರೆದ ೬ ಮತ್ತು ೯ ದೂರದಿಂದ ಒಂದೇ ಥರ ಕಾಣುತ್ತವೆ. ಗುಂಡಗೆ, ದಪ್ಪಗೆ ಬರೆದಿದ್ದರೆ ಹಾಲ್‌ನ ಆ ಒಂದು ಗೋಡೆಗೆ ಮತ್ತೆ ಬೇರೆ ಅಲಂಕಾರವೇ ಬೇಕಾಗುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಆಯ್ಕೆ ಇದೇ.

ಅಂಕಿಗಳನ್ನು ನೇರ ಗೋಡೆಗೇ ಅಂಟಿಸುವ ಗಡಿಯಾರ ಹೇಗೆ?

ಹಗುರ, ಅಗ್ಗ, ಎಷ್ಟು ಬೇಕೋ ಅಷ್ಟು ಅಗಲ ಮಾಡಿಕೊಳ್ಳಬಹುದು. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಗೋಡೆಗೆ ಅಂಟು ನಿಲ್ಲುವುದಿಲ್ಲ, ನಯವಾದ ಎಮಲ್ಷನ್ ಗೋಡೆಯಾದರೆ ಸರಿ. ಅಂಕಿಗಳು ಸೊಟ್ಟಗಾಗದಿರಲು ಕಾಗದದ ವೃತ್ತವನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ, ಆ ಕಾಲುಭಾಗವನ್ನು ಮೂರು ಸಮಪಾಲು ಮಡಚಿ. ಬಿಡಿಸಿದಾಗ ಹನ್ನೆರಡು ಗೆರೆ ಮೂಡಿರುತ್ತವೆ. ಅದನ್ನು ಗೋಡೆಗೆ ಹಚ್ಚಿ, ಗೆರೆ ಮುಗಿಯುವಲ್ಲಿ ಅಂಕಿ ಕೂರಿಸಿ, ಕಾಗದ ತೆಗೆಯಿರಿ.

ಬಡಗಿಯ ಕೈಲಿ ಮಾಡಿಸಬಹುದೇ?

ಖಂಡಿತ. ಹಲಗೆ ಬಡಗಿಯದು, ಮೆಷಿನ್ ಮತ್ತು ಮುಳ್ಳು ಗಡಿಯಾರ ರಿಪೇರಿ ಅಂಗಡಿಯದು. ಮೆಷಿನ್ನಿನ ನಡುವಿನ ಕಡ್ಡಿ ಹಲಗೆಯ ದಪ್ಪವನ್ನು ದಾಟಿ ಮುಂದೆ ಬರಬೇಕು. 18 ಎಂಎಂ ಪ್ಲೈವುಡ್ ಆದರೆ ಹಿಂಬದಿ ಮೆಷಿನ್ ಕೂರುವಷ್ಟು ಜಾಗ ಕೆತ್ತಿ ತೆಳುವಾಗಿಸಬೇಕಾಗುತ್ತದೆ. ಹಾಗಾಗಿ ಮೆಷಿನ್ ಮೊದಲು ತಂದು ಬಡಗಿಯ ಕೈಗೆ ಕೊಡಿ, ಆಮೇಲೆ ಹಲಗೆ. ಮುಳ್ಳು ಹಾಕುವಾಗ ಮೂರನ್ನೂ ಹನ್ನೆರಡರ ಮೇಲೆ ನೇರ ನಿಲ್ಲಿಸಿ ಒತ್ತಿ. ಇಲ್ಲದಿದ್ದರೆ ಗಂಟೆಮುಳ್ಳು ಎರಡು ಅಂಕಿಗಳ ನಡುವೆ ನಿಂತಾಗಲೇ ನಿಮಿಷದ ಮುಳ್ಳು ಹನ್ನೆರಡಕ್ಕೆ ಬರುತ್ತದೆ.

ಗಡಿಯಾರದ ಹಿಂದೆ ಹಲ್ಲಿ ಸೇರಿಕೊಳ್ಳುತ್ತದೆ.

ದೊಡ್ಡ ಮುಚ್ಚಿದ ಡಯಲ್ ಮತ್ತು ಗೋಡೆಯ ನಡುವಿನ ಒಂದಿಂಚು ಸಂದು ಹಲ್ಲಿಗೆ ಬಹಳ ಇಷ್ಟ. ಗೋಡೆ ಕಾಣುವಂತೆ ಬರೀ ಚೌಕಟ್ಟು ಇರುವ ಗಡಿಯಾರದಲ್ಲಿ ಅದಕ್ಕೆ ಅವಿತುಕೊಳ್ಳಲು ಮರೆ ಇರುವುದಿಲ್ಲ. ಮುಚ್ಚಿದ ಡಯಲ್ಲೇ ಬೇಕಿದ್ದರೆ ತಿಂಗಳಿಗೊಮ್ಮೆ ಇಳಿಸಿ ಹಿಂದೆ ಒರೆಸಿ.

ಗೃಹಪ್ರವೇಶಕ್ಕೆ ದೊಡ್ಡ ಗಡಿಯಾರ ಉಡುಗೊರೆ ಕೊಡಬಹುದೇ?

ಕೇಳಿ ಕೊಡಿ. ಗೃಹಪ್ರವೇಶದಲ್ಲಿ ಗಡಿಯಾರ ಬರದ ಮನೆ ಕಡಿಮೆ, ಸಣ್ಣದಾದರೆ ಅಡುಗೆಮನೆಯಲ್ಲೋ ರೂಮಿನಲ್ಲೋ ಜಾಗ ಸಿಗುತ್ತದೆ. ಮೂರಡಿಯದನ್ನು ಹೇಳದೆ ಕೊಟ್ಟರೆ ಅವರು ಬೇರೆಯದಕ್ಕೆ ಎತ್ತಿಟ್ಟ ಗೋಡೆಯನ್ನು ನೀವು ಕಿತ್ತುಕೊಂಡಂತೆ.

ನಾವು ಅಮೆರಿಕದಲ್ಲಿದ್ದೇವೆ. ಊರಿನಿಂದ ಕನ್ನಡ ಅಂಕಿಯ ಗಡಿಯಾರ ತಂದರೆ ಇಲ್ಲಿ ನಡೆಯುತ್ತದೆಯೇ?

ಸೆಲ್‌ನಲ್ಲಿ ನಡೆಯುವುದರಿಂದ ಕರೆಂಟಿನ ವೋಲ್ಟೇಜಿನ ಚಿಂತೆ ಇಲ್ಲ. ಸೂಟ್‌ಕೇಸಿನಲ್ಲಿ ತರುವಾಗ ಸೆಲ್ ತೆಗೆದಿಡಿ. ಮುಳ್ಳು ಬಗ್ಗದಂತೆ ಡಯಲ್‌ನ ಮೇಲೆ ದಪ್ಪ ರಟ್ಟು ಕಟ್ಟಿ. ಮೂರಡಿಯದು ಸೂಟ್‌ಕೇಸಿಗೆ ಹಿಡಿಸುವುದಿಲ್ಲ, ಬಿಡಿ ಅಂಕಿಗಳನ್ನು ತಂದು ಅಲ್ಲೇ ಹಲಗೆಗೆ ಕೂರಿಸುವುದು ಜಾಣತನ. ಅಲ್ಲಿನ ಮನೆಗಳ ಜಿಪ್ಸಮ್ ಗೋಡೆಯೊಳಗೆ ಮರದ ಕಂಬಗಳು ಸಾಮಾನ್ಯವಾಗಿ 16 ಇಂಚಿಗೊಂದರಂತೆ ಇರುತ್ತವೆ, ಸ್ಟಡ್ ಫೈಂಡರ್‌ನಿಂದ ಹುಡುಕಿ ಸ್ಕ್ರೂವನ್ನು ಆ ಮರಕ್ಕೇ ಹಾಕಿ. ಬಹುತೇಕ ರಾಜ್ಯಗಳಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಮಾಡಬೇಕಲ್ಲ, ಅದಕ್ಕಾಗಿ ಹಿಂಬದಿಯ ತಿರುಗಣೆಗೆ ಬದಿಯಿಂದ ಕೈ ಹೋಗುವಂತಿದ್ದರೆ ವರ್ಷಕ್ಕೆರಡು ಸಲ ಗಡಿಯಾರ ಇಳಿಸುವುದು ತಪ್ಪುತ್ತದೆ.